ನೀರಿನ ಮೇಲೆ ಒಂದು ಗೇಣು

ನನ್ನ ಓರಗಿತ್ತಿಯನ್ನು ಬೀದಿಯವರೆಲ್ಲ ಗೇಣಕ್ಕ ಎಂದು ಕರೆಯುತ್ತಿದ್ದರು. ಗೇಣುದ್ದದ ಹೆಂಗಸು ಎಂದು ಯಾರೂ ತಿಳಿಯಬಾರದು. ನಮ್ಮ ಮನೆಯ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬರುತ್ತಿದ್ದವಳು ಅವಳೊಬ್ಬಳೇ. ಜೊಂಡು ಕೊಯ್ಯುವ ದಿನಗಳಲ್ಲಿ ನೀರಿಗಿಳಿದ ಪ್ರತಿಯೊಬ್ಬರ ಬೆನ್ನ ಹಿಂದೆ ನಿಂತು "ಗೇಣು ಬಿಡ್ರೇ, ಗೇಣು!" ಎಂದು ಕೂಗುತ್ತಿದ್ದಳು. ಆ ಕೂಗಿನಿಂದ ಬಂದ ಹೆಸರು. ಅವಳ ಸ್ವಂತ ಹೆಸರನ್ನು ಅವಳ ಗಂಡ, ನನ್ನ ಭಾವನವರೂ ಮರೆತಿದ್ದರೋ ಏನೋ.

ಜೊಂಡು ಎಂದರೆ ಜೌಗು ನೆಲದಲ್ಲಿ ಆಳೆತ್ತರ ಬೆಳೆಯುವ ಚಪ್ಪಟೆ ಎಲೆಯ ಗಿಡ. ಅದನ್ನು ಒಣಗಿಸಿ ಚಾಪೆ ನೇಯುವುದು ನಮ್ಮ ಮನೆಯ ಕಸುಬು. ಮುಂದಿನ ಕೋಣೆಯಲ್ಲಿ ನೆಲಕ್ಕೆ ಬಡಿದ ಎರಡು ಮಗ್ಗ, ಗೋಡೆಗೆ ಒರಗಿಸಿದ ಕಂತೆಗಳು, ಕಿಟಕಿಯ ಕೆಳಗೆ ನೀರು ಚಿಮುಕಿಸುವ ತಗಡಿನ ಡಬ್ಬಿ. ಕಂತೆ ಒಣಗಿದೆಯೋ ಇಲ್ಲವೋ ಎಂಬುದನ್ನು ಅಕ್ಕ ಕೈಯಿಂದ ಮುಟ್ಟಿ ನೋಡುತ್ತಿರಲಿಲ್ಲ. ಎತ್ತಿ ಅಲುಗಿಸಿ ಕಿವಿಗೆ ಹಿಡಿಯುತ್ತಿದ್ದಳು. ಕಾಗದದ ಹಾಗೆ ಸದ್ದಾದರೆ ಒಣಗಿದೆ, ಬಟ್ಟೆಯ ಹಾಗೆ ಸದ್ದಾದರೆ ಇನ್ನೂ ಎರಡು ಬಿಸಿಲು ಬೇಕು. ನನ್ನ ಓದು ಬರಹ ನಾಲ್ಕನೇ ತರಗತಿಗೇ ನಿಂತಿತು. ಕಿವಿಯಲ್ಲಿ ಓದುವುದನ್ನು ಮಾತ್ರ ಅವಳು ಕಲಿಸಿದಳು.

ನಾನು ಆ ಮನೆಗೆ ಕಿರಿಸೊಸೆಯಾಗಿ ಬಂದ ವರ್ಷವೇ ಒಂದು ಪಾಠವಾಯಿತು. ಮೊದಲ ಸಲ ಜೌಗಿಗೆ ಇಳಿದಿದ್ದೆ. ಎಲ್ಲರಿಗಿಂತ ಉದ್ದದ ಜೊಂಡು ತಂದು ಮೆಚ್ಚುಗೆ ಪಡೆಯಬೇಕೆಂಬ ಆಸೆ. ಕುಡುಗೋಲನ್ನು ನೀರಿನೊಳಗೆ ಮುಳುಗಿಸಿ ಬುಡದಲ್ಲೇ ಕೊಯ್ದೆ. ನನ್ನ ಕಂತೆ ಎಲ್ಲರ ಕಂತೆಗಿಂತ ಒಂದು ಮೊಳ ಉದ್ದ ಬಂತು. ಹೆಗಲ ಮೇಲೆ ಹೊತ್ತು ದಡಕ್ಕೆ ಬಂದರೆ ಅಕ್ಕ ನನ್ನ ಮುಂಗೈ ಹಿಡಿದು ನಿಲ್ಲಿಸಿದಳು.

"ಉದ್ದ ಸಿಕ್ತು ಅಂತ ಹಿಗ್ತಿದ್ದೀಯಲ್ಲ ಸಣ್ಣಿ, ಅದರ ಮೂಗನ್ನ ನೀರಲ್ಲಿ ಅದ್ದಿ ಬಂದಿದ್ದೀಯ."

"ಜೊಂಡಿಗೆ ಮೂಗಾ ಅಕ್ಕ?"

ಅವಳು ಒಂದು ದಂಟು ಮುರಿದು ನನ್ನ ಬಾಯಿಗಿಟ್ಟಳು. ಇನ್ನೊಂದು ತುದಿಯನ್ನು ನೀರಿನಲ್ಲಿ ಅದ್ದಿ "ಊದು" ಎಂದಳು. ಊದಿದೆ. ನೀರಿನಲ್ಲಿ ಗುಳುಗುಳು ಎಂದು ಗುಳ್ಳೆ ಎದ್ದವು. ದಂಟಿನೊಳಗೆಲ್ಲ ಸಣ್ಣ ಸಣ್ಣ ಕೊಳವೆ. ಕೆಸರಿನಲ್ಲಿರುವ ಬೇರಿಗೆ ಉಸಿರು ಹೋಗುವುದು ಆ ಕೊಳವೆಯ ದಾರಿಯಲ್ಲಿ. ಕೊಯ್ದ ಮೇಲೂ ದಂಟಿನ ಮೋಟು ನೀರಿನ ಮೇಲೆ ಒಂದು ಗೇಣು ಇದ್ದರೆ ಬೇರು ಉಸಿರಾಡುತ್ತದೆ, ಮತ್ತೆ ಚಿಗುರುತ್ತದೆ. ಮೋಟು ಮುಳುಗಿದರೆ ಬೇರು ಕೆಸರಿನಲ್ಲೇ ಉಸಿರುಗಟ್ಟಿ ಕೊಳೆಯುತ್ತದೆ.

ಮುಂದಿನ ವರ್ಷ ನಾನು ಕೊಯ್ದ ಜಾಗದಲ್ಲಿ ಮಂಚದಷ್ಟು ಅಗಲ ಬೋಳಾಗಿತ್ತು. ಸುತ್ತ ಹಸಿರು, ನಡುವೆ ಬರೀ ನೀರು. ಅಕ್ಕ ಅದಕ್ಕೆ "ಸಣ್ಣಿ ಅಂಗಳ" ಎಂದು ಹೆಸರಿಟ್ಟಳು. ಜೌಗಿನಲ್ಲಿ ಯಾರಿಗಾದರೂ ದಾರಿ ಹೇಳುವಾಗ "ಸಣ್ಣಿ ಅಂಗಳದಿಂದ ಎಡಕ್ಕೆ ಹೋಗು" ಎನ್ನುತ್ತಿದ್ದಳು. ನನ್ನ ಮುಖ ಕೆಂಪಾಗುವುದನ್ನು ನೋಡಿ ನಗುತ್ತಿದ್ದಳು. ಮೂವತ್ತು ವರ್ಷವಾದರೂ ಆ ಬೋಳು ಪೂರ್ತಿ ತುಂಬಲಿಲ್ಲ, ಆ ನಗೆಯೂ ನಿಲ್ಲಲಿಲ್ಲ.

ಜೌಗಿನ ಮೇಲ್ಗಡೆ ನೂಲಿಗೆ ಬಣ್ಣ ಹಾಕುವ ಕಾರ್ಖಾನೆ ಇತ್ತು. ಭಾವನವರು ಅಲ್ಲೇ ಬಣ್ಣ ಕಲಸುವ ಕೆಲಸದಲ್ಲಿದ್ದರು. ಅವರ ಉಗುರಿನ ಸಂದಿ ಯಾವತ್ತೂ ನೀಲಿ. ಕಾರ್ಖಾನೆಯ ಕೊಳವೆ ಹಳ್ಳಕ್ಕೆ ಬೀಳುತ್ತಿತ್ತು, ಹಳ್ಳ ಜೌಗಿಗೆ ಬರುತ್ತಿತ್ತು. ನೀರಿನ ಬಣ್ಣ ನೋಡಿಯೇ ವಾರ ಹೇಳಬಹುದಾಗಿತ್ತು. ಭಾವನವರು ಕೆಲಸದಿಂದ ಬಂದರೆ ಅಕ್ಕ ಮಗ್ಗದಿಂದ ತಲೆ ಎತ್ತದೆ, "ಇವತ್ತು ಹಸಿರು ಕಲಸಿದ್ರಿ ಅಲ್ವಾ? ಕೊಕ್ಕರೆ ಕಾಲು ನೋಡ್ದೆ" ಎನ್ನುತ್ತಿದ್ದಳು. ನಾವು ನಗುತ್ತಿದ್ದೆವು. ಕಾರ್ಖಾನೆಯೂ ನಮ್ಮ ಅನ್ನ, ಜೌಗೂ ನಮ್ಮ ಅನ್ನ. ಒಂದು ಅನ್ನ ಇನ್ನೊಂದನ್ನು ತಿನ್ನುತ್ತಿದೆ ಎಂದು ತಿಳಿಯುವ ಹೊತ್ತಿಗೆ ಬಹಳ ವರ್ಷ ಕಳೆದಿತ್ತು.

ಮೊದಲು ಗೊತ್ತಾದದ್ದು ನನ್ನ ಕಿವಿಗೆ. ಒಂದು ವರ್ಷ ಕಪ್ಪೆಗಳ ಸದ್ದು ಕೊಳವೆಯ ಕಡೆಯಿಂದ ಬರಲಿಲ್ಲ. ಮರುವರ್ಷ ಅರ್ಧ ಜೌಗು ಸುಮ್ಮನಾಯಿತು. ಆಮೇಲೆ ಜೊಂಡಿನ ತುದಿ ಹಳದಿಯಾಗಿ ಮಗ್ಗದಲ್ಲಿ ಪಟಪಟ ಮುರಿಯತೊಡಗಿತು. ನೀರಿಗಿಳಿದವರ ಮೊಣಕಾಲ ಕೆಳಗೆ ಮಾಯದ ಹುಣ್ಣು. ಭಾವನವರು ತೀರಿಕೊಂಡ ಮೇಲೆ ನಾಲ್ಕು ವರ್ಷಕ್ಕೆ ಕಾರ್ಖಾನೆ ಮುಚ್ಚಿತು. ಮಂಡಿಯವರೆಗೆ ರಬ್ಬರ್ ಬೂಟು ಹಾಕಿದ ಜನ ಬಂದು ಸೀಸೆಗಳಲ್ಲಿ ನೀರು, ಕೆಸರು ತುಂಬಿಕೊಂಡು ಹೋದರು. ಹಿಂದೆಯೇ ಫಲಕ ಬಂತು. ಇಳಿಯಬಾರದು, ಕೊಯ್ಯಬಾರದು, ಮುಟ್ಟಬಾರದು. ನಾವು ಬೇರೆ ಊರಿನಿಂದ ಬಂದ ಪ್ಲಾಸ್ಟಿಕ್ ದಾರದಲ್ಲಿ ಚಾಪೆ ನೇಯುವುದನ್ನು ಕಲಿತೆವು. ಅಕ್ಕ ಅದನ್ನು ಕಿವಿಗೆ ಹಿಡಿದು ನೋಡಿ, "ಇದು ಒಣಗೋದೂ ಇಲ್ಲ, ಹಸಿಯೂ ಇಲ್ಲ. ಇದರ ಹತ್ತಿರ ಏನು ಮಾತಾಡೋದು?" ಎಂದಳು.

ಮೂರು ವರ್ಷದ ಮೇಲೆ ಒಂದು ಮಧ್ಯಾಹ್ನ ಮನೆಗೆ ಒಬ್ಬ ಹುಡುಗಿ ಬಂದಳು. ಜೌಗನ್ನು ಶುದ್ಧ ಮಾಡುವ ಕೆಲಸದ ಇಂಜಿನಿಯರ್. ವಯಸ್ಸು ಮೂವತ್ತರ ಒಳಗೆ, ಬೂಟಿನಲ್ಲಿ ಕೆಸರು, ಕಂಕುಳಲ್ಲಿ ನಕ್ಷೆಯ ಸುರುಳಿ. ಕುರ್ಚಿ ಕೊಟ್ಟರೂ ಅದನ್ನು ಬಿಟ್ಟು ನಮ್ಮ ಹಳೆಯ ಚಾಪೆಯ ಮೇಲೆಯೇ ಕೂತಳು. ಅಂದಿನಿಂದ ಅವಳು ನಮಗೆ ಇಂಜಿನಿಯರಮ್ಮ.

ಅವಳು ಹೇಳಿದ್ದು ಇಷ್ಟು. ಜೌಗಿನ ಕೆಸರಿನಲ್ಲಿ ಆಳುದ್ದ ವಿಷ ಇಳಿದಿದೆ. ಅಷ್ಟನ್ನೂ ಅಗೆದು, ಮುಚ್ಚಿದ ಲಾರಿಗಳಲ್ಲಿ ಸಾಗಿಸಿ, ಆ ಜಾಗಕ್ಕೆ ದಪ್ಪ ಹಾಳೆ ಹಾಸಿ ಹೊಸ ಮಣ್ಣು ತುಂಬಬೇಕು. ಅಲ್ಲಿ ಇನ್ನು ನೀರು ನಿಲ್ಲುವುದಿಲ್ಲ. ಆದರೆ ಎಷ್ಟು ಜೌಗು ತೆಗೆದರೋ ಅಷ್ಟನ್ನು ಬೇರೆ ಕಡೆ ಮಾಡಿಕೊಡಬೇಕೆಂದು ಕಾನೂನು ಇದೆಯಂತೆ. ರಸ್ತೆಯ ಆಚೆಗಿನ ತಗ್ಗು ಬಯಲಲ್ಲಿ ಹೊಸ ಜೌಗು.

"ಜೌಗು ಅಂದ್ರೆ ಮಂಚಾನಾ ಮಗಳೇ, ಈ ಕೋಣೆಯಿಂದ ಎತ್ತಿ ಆ ಕೋಣೆಗೆ ಹಾಕೋಕೆ?" ಎಂದಳು ಅಕ್ಕ.

"ಎತ್ತಿ ಹಾಕೋಕೂ ಬಿಡಲ್ಲ ಅಮ್ಮ. ಇಲ್ಲಿಂದ ಒಂದು ಬೇರೂ ಅಲ್ಲಿಗೆ ಹೋಗೋ ಹಾಗಿಲ್ಲ. ವಿಷ ಬೇರಲ್ಲೂ ಇದೆ. ಗಿಡ ಹೊರಗಡೆಯಿಂದ ತರಿಸ್ತೀವಿ."

"ತಂದು ತೋರಿಸು."

ಎರಡು ದಿನ ಬಿಟ್ಟು ಅವಳು ನಿಜವಾಗಿಯೂ ಒಂದು ಗಿಡ ತಂದಳು. ಅಕ್ಕ ಅದರ ಎಲೆಯನ್ನು ಒಲೆಯ ಹತ್ತಿರ ಒಣಗಲು ಇಟ್ಟು, ಸಂಜೆ ಮಂಡಿಯ ಮೇಲೆ ಬಗ್ಗಿಸಿದಳು. ಟಪ್ ಎಂದು ಮುರಿಯಿತು. "ಬೇಲಿಗೆ ಆಗತ್ತೆ, ಚಾಪೆಗೆ ಆಗಲ್ಲ. ಇದನ್ನ ನೆಟ್ರೆ ನಿಮಗೆ ಜೌಗಾಯ್ತು, ನಮಗೆ ಏನಾಯ್ತು?"

ನನ್ನ ಮನಸ್ಸಿನಲ್ಲಿ ಆಗ ಇದ್ದದ್ದು ಇಷ್ಟೇ: ನಮ್ಮ ಕಸುಬು ಮುಗಿಯಿತು, ಹೇಗೋ ಆಯಸ್ಸು ಕಳೆದರೆ ಸಾಕು. ಅಕ್ಕ ಹಾಗೆ ಬಿಡುವವಳಲ್ಲ. ಮಾರನೆಯ ದಿನ ಇಂಜಿನಿಯರಮ್ಮನನ್ನು ಕೈ ಹಿಡಿದು ಹಳ್ಳದ ಮೇಲಕ್ಕೆ ಕರೆದುಕೊಂಡು ಹೋದಳು, ಕಾರ್ಖಾನೆಯ ಕೊಳವೆಗಿಂತ ಮೇಲೆ, ಮುರಿದ ಕಾಲುಸೇತುವೆಯ ಹತ್ತಿರ. ಅಲ್ಲಿ ಎರಡು ಕೋಣೆಯಷ್ಟು ಜಾಗದಲ್ಲಿ ನಮ್ಮದೇ ಜೊಂಡು ನಿಂತಿತ್ತು. ವಿಷದ ನೀರು ಅದನ್ನು ಮುಟ್ಟಿರಲಿಲ್ಲ. ಅಕ್ಕ ಒಂದು ಎಲೆಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಮುರಿಯಲಿಲ್ಲ. "ಇದು ನಮ್ಮ ಮನೆಯದು" ಎಂದಳು, ಕಳೆದುಹೋದ ದನ ಸಿಕ್ಕವರ ಹಾಗೆ.

ಬೇರು, ಕೆಸರು ಪರೀಕ್ಷೆಗೆ ಹೋಗಿ ಒಳ್ಳೆಯದೆಂದು ಬಂತು. ಇಂಜಿನಿಯರಮ್ಮನ ಮೇಲಿನವರು ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು. ಅಲ್ಲಿಂದ ಅರ್ಧ ಮಾತ್ರ ತೆಗೆಯಬೇಕು. ನೆಟ್ಟು ಒಂದು ತಿಂಗಳಿಗೆ ಅವರು ಬಂದು ಎಣಿಸುತ್ತಾರೆ. ನೂರಕ್ಕೆ ಅರವತ್ತು ಚಿಗುರಿದ್ದರೆ ಸರಿ. ಇಲ್ಲದಿದ್ದರೆ ಎಲ್ಲ ಕಿತ್ತು ಆ ಒರಟು ಗಿಡವನ್ನೇ ನೆಡುವುದು. ಒರಟು ಗಿಡ ಒಮ್ಮೆ ಬೇರು ಬಿಟ್ಟರೆ ನಮ್ಮದಕ್ಕೆ ಜಾಗ ಕೊಡುವುದಿಲ್ಲ ಎಂಬುದು ಅಕ್ಕನಿಗೆ ಗೊತ್ತಿತ್ತು.

ಅಷ್ಟರಲ್ಲಿ ಹಳೆಯ ಜೌಗನ್ನು ಅಗೆಯುವುದು ಶುರುವಾಯಿತು. ನಾವಿಬ್ಬರೂ ತಂತಿಬೇಲಿಯ ಹೊರಗೆ ನಿಂತು ನೋಡಿದೆವು. ಯಂತ್ರದ ಬಾಯಿಯಿಂದ ಬೀಳುತ್ತಿದ್ದ ಕೆಸರು ಪದರ ಪದರವಾಗಿ ಕಾಣುತ್ತಿತ್ತು, ನೀಲಿ, ಕಂದು, ಮತ್ತೆ ನೀಲಿ. ಭಾವನವರ ಕೆಲಸದ ಅಷ್ಟೂ ವರ್ಷ ಅಲ್ಲಿ ಮಡಿಚಿಟ್ಟ ಬಟ್ಟೆಯ ಹಾಗೆ ಇತ್ತು. ಲಾರಿಗಳು ಟಾರ್ಪಾಲು ಹೊದ್ದು ಒಂದರ ಹಿಂದೆ ಒಂದು ಹೋದವು. ಮೂರನೆಯ ದಿನ ಯಂತ್ರ ನನ್ನ ಬೋಳು ಜಾಗಕ್ಕೆ ಬಂತು.

"ಹೋಯ್ತಲ್ಲೇ ನಿನ್ನ ಅಂಗಳ" ಎಂದಳು ಅಕ್ಕ. ನಗಲು ಹೋದಳು, ಆಗಲಿಲ್ಲ. ಮೂವತ್ತು ವರ್ಷ ಯಾವುದರಿಂದ ನಾಚಿಕೆಪಟ್ಟೆನೋ ಅದನ್ನು ಲಾರಿ ಹೊತ್ತೊಯ್ಯುವವರೆಗೂ ನಾನು ಬೇಲಿ ಬಿಟ್ಟು ಕದಲಲಿಲ್ಲ.

ನೆಡುವ ದಿನ ಬಂದಾಗ ಅಕ್ಕನಿಗೆ ಹಬ್ಬ. ಹೊಸ ಜಾಗದ ಪಕ್ಕದ ತಗಡಿನ ಶೆಡ್ಡಿನಲ್ಲಿ ಹನ್ನೊಂದು ಹೆಂಗಸರು ಮಣೆ ಹಾಕಿಕೊಂಡು ಕೂತೆವು. ಹಳ್ಳದಿಂದ ತಂದ ಗಿಡಗಳು ಒದ್ದೆ ಗೋಣಿಯಲ್ಲಿ ಬರುತ್ತಿದ್ದವು. ಬೇರು ತೊಳೆದು, ಸೀಳಿ, ಮೇಲಿನ ಎಲೆ ಕೊಯ್ದು, ತಟ್ಟೆಗಳಲ್ಲಿ ಜೋಡಿಸುವುದು. ಉದ್ದ ಎಲೆ ಬಿಟ್ಟರೆ ಗಾಳಿಗೆ ಗಿಡ ಒಲೆದು ಬೇರು ಹಿಡಿಯುವುದಿಲ್ಲ ಎಂದು ಇಂಜಿನಿಯರಮ್ಮ ಹೇಳಿದ್ದಳು. ಅಕ್ಕ ಮೊದಲ ಗಿಡ ಎತ್ತಿಕೊಂಡು, ಬೇರಿನ ಮೇಲೆ ಹೆಬ್ಬೆರಳಿಟ್ಟು, ಕಿರುಬೆರಳು ಮುಟ್ಟಿದಲ್ಲಿ ಕುಡುಗೋಲು ಎಳೆದಳು. ಕಣ್ಣು ಮುಚ್ಚಿಕೊಂಡೂ ಆ ಕೈ ತಪ್ಪುತ್ತಿರಲಿಲ್ಲ. ನಾವೂ ಹಾಗೆಯೇ ಕೊಯ್ದೆವು. ಬಹಳ ವರ್ಷದ ಮೇಲೆ "ಗೇಣು ಬಿಡ್ರೇ!" ಎಂಬ ಕೂಗು ಕೇಳಿತು. ಆಳುಗಳ ಉಸ್ತುವಾರಿಯ ಮೇಸ್ತ್ರಿ ಬಾಗಿಲಲ್ಲಿ ನಿಂತು, "ಅಜ್ಜಿ, ಇದು ನಿಮ್ಮನೆ ಮದುವೆ ಅಲ್ಲ, ಸ್ವಲ್ಪ ಬೇಗ ಬೇಗ" ಎಂದ.

"ನಿನ್ನ ಮದುವೆಗೆ ಚಾಪೆ ಬೇಕಲ್ಲ, ಅದಕ್ಕೇ ನಿಧಾನ ಮಾಡ್ತಿದ್ದೀನಿ" ಎಂದಳು ಅಕ್ಕ. ಮೇಸ್ತ್ರಿಗೆ ಆಗಲೇ ಮೊಮ್ಮಕ್ಕಳಿದ್ದರು. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು.

ನಾಲ್ಕು ದಿನ ಹಗ್ಗ ಹಿಡಿದು ಸಾಲಾಗಿ ನೆಟ್ಟೆವು. ಐದನೆಯ ದಿನ ಹಳ್ಳದ ನೀರನ್ನು ಒಳಗೆ ಬಿಟ್ಟರು. ಹೊರಗೆ ಹೋಗುವ ಕಂಡಿಗೆ ಹಲಗೆಗಳನ್ನು ಒಂದರ ಮೇಲೊಂದು ಜೋಡಿಸಿದ್ದರು. ಎಷ್ಟು ಹಲಗೆಯೋ ಅಷ್ಟು ನೀರು. ಮಧ್ಯಾಹ್ನದ ಹೊತ್ತಿಗೆ ಬಯಲೆಲ್ಲ ಕನ್ನಡಿಯಾಯಿತು. ಆ ನೀರು ಎಷ್ಟು ತಿಳಿಯಾಗಿತ್ತೆಂದರೆ ತಳದಲ್ಲಿ ನಮ್ಮ ಹೆಜ್ಜೆಯ ಗುರುತು, ನೆಟ್ಟ ಸಾಲು, ಎಲ್ಲ ಕಾಣುತ್ತಿತ್ತು. ನಾವು ನೀರಿನ ತಳ ನೋಡಿ ಎಷ್ಟು ವರ್ಷವಾಗಿತ್ತೋ. ಅಕ್ಕ ದಡದಲ್ಲಿ ಕೂತು ಕೈ ಅದ್ದಿದಳು, ಎತ್ತಿ ಮೂಸಿದಳು, ಕೆನ್ನೆಗೆ ಸವರಿಕೊಂಡಳು. ಕಣ್ಣಲ್ಲಿ ನೀರಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ.

ಹತ್ತು ದಿನವಾದರೂ ನೀರಿನ ಮೇಲೆ ಒಂದು ತುದಿ ಕಾಣಲಿಲ್ಲ. ಹನ್ನೆರಡನೆಯ ದಿನ ದಡದಲ್ಲಿ ಕೊಳೆತ ವಾಸನೆ. ಇಂಜಿನಿಯರಮ್ಮ ದಿನಕ್ಕೆ ಮೂರು ಸಲ ಬಂದು ನೋಡಿ ಹೋಗುತ್ತಿದ್ದಳು, ಮುಖ ಬಾಡಿತ್ತು. ಮೇಸ್ತ್ರಿ ಸುಮ್ಮನಿರುವ ಜಾತಿಯಲ್ಲ.

"ನೀರಲ್ಲಿ ಹೋಮ ಮಾಡಿದ ಹಾಗಾಯ್ತು. ಈ ಹೆಂಗಸರು ಮಾತಾಡ್ಕೊಂಡು ನೆಟ್ಟಿದ್ದಕ್ಕೆ ಬೇರು ಮೇಲೆ ಕೆಳಗೆ ಆಗಿದೆ. ಅವರನ್ನ ಬಿಡಿಸಿ ಬೇರೆಯವರನ್ನ ಕರೆಸಿ ಅಂತ ಮೇಲಿನವರಿಗೆ ಹೇಳ್ತೀನಿ ನೋಡಿ."

ಅವತ್ತು ಅಕ್ಕ ನೇರ ಮನೆಗೆ ಬಂದಳು. ಬಂದವಳು ಮಗ್ಗದ ಮುಂದೆ ಕೂತಳು. ನೇಯಲಿಲ್ಲ. ಮಗ್ಗದ ಅಡ್ಡಪಟ್ಟಿಯ ಮೇಲೆ ಹೆಬ್ಬೆರಳು ಊರಿ ಕಿರುಬೆರಳು ಚಾಚುತ್ತಾಳೆ, ತೆಗೆಯುತ್ತಾಳೆ, ಮತ್ತೆ ಊರುತ್ತಾಳೆ. ಗೇಣು, ಗೇಣು, ಗೇಣು. ಮರದ ಮೇಲೆ ಅವಳ ಉಗುರಿನ ಸದ್ದು ಮಾತ್ರ. ನಾನು ಒಲೆಯ ಹತ್ತಿರ ಕೂತು ಕೇಳುತ್ತಿದ್ದೆ. ಎಷ್ಟೋ ಹೊತ್ತಿನ ಮೇಲೆ ಸದ್ದು ನಿಂತಿತು.

"ಸಣ್ಣಿ, ಶೆಡ್ಡಲ್ಲಿ ನಾನು ಎಲ್ಲಿಂದ ಅಳೆದೆ?"

"ಎಲ್ಲಿಂದ ಅಂದ್ರೆ? ಬೇರಿಂದ."

"ಅಲ್ಲಿ ನೀರು ಎಷ್ಟಿದೆ?"

"ಮೊಳ ಇದೆ" ಎಂದೆ. ಹೇಳಿದ ಮೇಲೆ ನನ್ನ ಕಿವಿಗೇ ಆ ಮಾತು ಬಿತ್ತು.

ಜೀವಮಾನವಿಡೀ ಅವಳು ನೀರಿನಲ್ಲಿ ನಿಂತು ಅಳೆದವಳು. ಕೈ ನೀರಿಗೆ ತಾಗಿದಲ್ಲಿಂದ ಗೇಣು ಶುರು. ಶೆಡ್ಡಿನಲ್ಲಿ ನೀರೇ ಇರಲಿಲ್ಲ. ಕೈ ತನ್ನ ಪಾಡಿಗೆ ತಾನು ಸಿಕ್ಕಿದ ಕಡೆ ಊರಿಕೊಂಡು ಅಳೆಯಿತು. ಇಂಜಿನಿಯರಮ್ಮ ತನ್ನ ಕಾಗದದಲ್ಲಿ ಮೊದಲೇ ಬರೆದಿದ್ದಂತೆ ಮೊಳ ನೀರು ನಿಲ್ಲಿಸಿದಳು. ಗೇಣಿನ ಮೋಟು, ಮೊಳದ ನೀರು. ಅಷ್ಟು ಸಾವಿರ ಗಿಡಗಳ ಮೂಗನ್ನು ನಾವೇ ಅದ್ದಿದ್ದೆವು. ದಡದಲ್ಲಿ ನಿಂತು ಚಪ್ಪಾಳೆಯನ್ನೂ ತಟ್ಟಿದ್ದೆವು.

ಅಕ್ಕ ಹಣೆ ಹಣೆ ಬಡಿದುಕೊಂಡಳು. "ಊರಿಗೆಲ್ಲ ಗೇಣು ಗೇಣು ಅಂತ ಬಡ್ಕೊಂಡೆನಲ್ಲೇ. ತಿಳಿ ನೀರು ನೋಡಿ ಬೆಪ್ಪಾಗಿ ಕೂತೆನಲ್ಲೇ."

ನಾನು ಅವಳ ಕೈ ಹಿಡಿದುಕೊಂಡೆ. ಆಗ ಹೇಳಿದ ಮಾತಿಗೆ ಈಗಲೂ ನಾಚಿಕೆಯಿದೆ, ಆದರೂ ಬರೆಯುತ್ತೇನೆ. "ಅಕ್ಕ, ಸುಮ್ಮನಿರು. ಯಾರಿಗೂ ಹೇಳ್ಬೇಡ. ಗಿಡಾನೇ ಬಡಕಲು ಅಂದ್ರಾಯ್ತು. ಇಷ್ಟು ವರ್ಷ ಇದ್ದ ಮರ್ಯಾದೆ ಈಗ ಕಳ್ಕೋಬೇಡ."

"ಆ ಹತ್ತು ಜನ ಹೆಂಗಸರ ಮರ್ಯಾದೆ ಯಾವ ಲೆಕ್ಕಕ್ಕೆ?" ಎಂದಳು. "ಬೇರು ಇನ್ನೂ ಪೂರ್ತಿ ಸತ್ತಿರಲ್ಲ. ನಾನು ಬಾಯಿ ಮುಚ್ಕೊಂಡ್ರೆ ಸಾಯತ್ತೆ. ಎದ್ದೇಳು, ಚಪ್ಪಲಿ ಹಾಕ್ಕೋ."

ಬಿಸಿಲು ಇನ್ನೂ ಇತ್ತು. ಮಂಡಿನೋವಿನ ಕಾಲನ್ನು ಎಳೆದುಕೊಂಡು ಅವಳು ಮುಂದೆ, ನಾನು ಹಿಂದೆ. ಇಂಜಿನಿಯರಮ್ಮನ ಕಚೇರಿ ಎಂದರೆ ಚಕ್ರದ ಮೇಲಿನ ಒಂದು ತಗಡಿನ ಡಬ್ಬಿ. ಒಳಗೆ ಮೇಜಿನ ಮೇಲೆ ನಕ್ಷೆ, ಮೂಲೆಯಲ್ಲಿ ಕೆಸರಿನ ಬೂಟುಗಳು, ಮೇಸ್ತ್ರಿ ಚಹಾ ಕುಡಿಯುತ್ತಾ ನಿಂತಿದ್ದ. ಅಕ್ಕ ಪೀಠಿಕೆ ಹಾಕಲಿಲ್ಲ.

"ಹೆಂಗಸರು ಸರಿಯಾಗೇ ನೆಟ್ಟಿದ್ದಾರೆ. ಕೊಯ್ದಿದ್ದು ನಾನು ಹೇಳಿದ ಹಾಗೆ. ತಪ್ಪು ನನ್ನ ಕೈದು."

ಬರುವಾಗ ಕಾಲುಸೇತುವೆಯ ಹತ್ತಿರ ಒಂದು ದಂಟು ಮುರಿದು ತಂದಿದ್ದಳು. ಅದನ್ನು ಇಂಜಿನಿಯರಮ್ಮನ ಬಾಯಿಗಿಟ್ಟು, ಇನ್ನೊಂದು ತುದಿಯನ್ನು ಮೇಸ್ತ್ರಿಯ ಚಹಾ ಲೋಟಕ್ಕೆ ಅದ್ದಿ "ಊದು" ಎಂದಳು. ಚಹಾದಲ್ಲಿ ಗುಳುಗುಳು ಗುಳ್ಳೆ ಎದ್ದವು. ಇಂಜಿನಿಯರಮ್ಮ ದಂಟನ್ನು ಬಾಯಿಂದ ತೆಗೆದು ಬಹಳ ಹೊತ್ತು ಅದರ ತೂತುಗಳನ್ನೇ ನೋಡಿದಳು.

"ಇದು ನನಗೆ ಗೊತ್ತಿತ್ತು ಅಮ್ಮ" ಎಂದಳು ಮೆಲ್ಲಗೆ. "ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಮೊಳ ನೀರು ಅಂತ ಬರೆದವಳು ನಾನು. ಮೋಟು ಎಷ್ಟು ಬಿಟ್ಟಿದ್ದೀರಿ ಅಂತ ನಿಮ್ಮನ್ನ ಕೇಳ್ಲಿಲ್ಲ."

"ನೀರು ಎಷ್ಟು ನಿಲ್ಲಿಸ್ತೀಯ ಅಂತ ನಾನೂ ಕೇಳ್ಲಿಲ್ಲ."

"ನನ್ನ ಚಹಾ ಹೋಯ್ತಲ್ಲ, ಅದಕ್ಕೆ ಯಾರು ಹೊಣೆ?" ಎಂದ ಮೇಸ್ತ್ರಿ.

ನಾಲ್ವರೂ ನೀರಿನ ಬಳಿ ಹೋದೆವು. ನಾನು ಇಳಿದು ಬೇರೆ ಬೇರೆ ಸಾಲಿನಿಂದ ಹತ್ತು ಗಿಡ ಕಿತ್ತು ತಂದೆ. ಅಕ್ಕ ಒಂದೊಂದರ ಬೇರಿಗೂ ಉಗುರು ಊರಿದಳು. ಕೆಲವು ಮೆತ್ತಗೆ ಕಂದಾಗಿ ವಾಸನೆ ಹೊಡೆದವು. ಉಳಿದವು ಒಳಗೆ ಬೆಳ್ಳಗೆ, ಉಗುರಿಗೆ ಕರಕ್ ಎನ್ನುವಂತೆ ಗಟ್ಟಿ. ಗಟ್ಟಿ ಇದ್ದವು ಏಳು.

"ಹಲಗೆ ತೆಗೆಸು ಮಗಳೇ. ನೀರೆಲ್ಲ ಹೋಗಲಿ. ಬೇರಿಗೆ ಗಾಳಿ ಸಿಗಲಿ."

ಮೇಸ್ತ್ರಿ ಕೈ ಅಡ್ಡ ಹಿಡಿದ. "ಕಾಗದದಲ್ಲಿ ನೀರು ಇಷ್ಟೇ ಇರಬೇಕು ಅಂತಿದೆ ಮೇಡಂ. ಮೇಲಿನವರು ಬರೋದಕ್ಕೆ ಹದಿನೆಂಟು ದಿನ. ಜೌಗು ತೋರಿಸಿ ಅಂದ್ರೆ ಕೆಸರು ಗದ್ದೆ ತೋರಿಸ್ತೀರಾ? ಕೆಲಸ ಹೋಗೋದು ನಿಮ್ಮದು."

ಇಂಜಿನಿಯರಮ್ಮ ಪ್ಯಾಂಟು ಮಡಿಚಿ ತಾನೇ ಕಂಡಿಗೆ ಇಳಿದಳು. ಮೊದಲ ಹಲಗೆ ಊದಿಕೊಂಡು ಸಿಕ್ಕಿಹಾಕಿಕೊಂಡಿತ್ತು. ಜಗ್ಗಿದಳು, ಬರಲಿಲ್ಲ. ಮೇಸ್ತ್ರಿ ಎರಡು ಸಲ ಬೈದುಕೊಂಡು, ಲೋಟ ಕೆಳಗಿಟ್ಟು, ತಾನೂ ಇಳಿದು ಹಾರೆ ಕೊಟ್ಟು ಎಬ್ಬಿಸಿದ. ನೀರು ಹೋಗುವ ಸದ್ದು ಸಂಜೆಯವರೆಗೂ ಕೇಳುತ್ತಿತ್ತು. ಆ ಸದ್ದಿಗೆ ಹೊಟ್ಟೆ ಉರಿಯಿತು ಎಂದರೆ ಸುಳ್ಳಲ್ಲ. ಅಂಥ ತಿಳಿ ನೀರು.

ಆಮೇಲಿನ ದಿನಗಳು ನಗೆಪಾಟಲಿನವು. ಬೀದಿಯಲ್ಲಿ ಹೋದರೆ "ಗೇಣಕ್ಕ ಒಂದೇ ಗುಟುಕಿಗೆ ಕೆರೆ ಕುಡಿದುಬಿಟ್ಟಳಂತೆ" ಎನ್ನುವವರು. "ಕುಡಿದೆ ಕಣೋ, ಉಪ್ಪು ಸ್ವಲ್ಪ ಕಡಿಮೆ ಇತ್ತು" ಎನ್ನುತ್ತಿದ್ದಳು ಅವಳು. ಮನೆಗೆ ಬಂದರೆ ಊಟವನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದಳು. ಕೆಸರು ಬಿರುಕು ಬಿಡದ ಹಾಗೆ ನಾವು ಹನ್ನೊಂದು ಹೆಂಗಸರು ಬೆಳಿಗ್ಗೆ ಸಂಜೆ ಡಬ್ಬಿಗಳಲ್ಲಿ ನೀರು ಚಿಮುಕಿಸಿದೆವು, ಚಾಪೆಗೆ ಚಿಮುಕಿಸಿದಂತೆಯೇ. ಕೆಲಸದಿಂದ ಬಿಡಿಸುತ್ತೇನೆ ಎಂದಿದ್ದ ಮೇಸ್ತ್ರಿ ಡಬ್ಬಿ ತುಂಬಿಸಿ ಕೊಡುತ್ತಿದ್ದ.

ಎಂಟನೆಯ ಬೆಳಿಗ್ಗೆ ನಾನು ನಡೆಯುವ ಹಲಗೆಯ ಮೇಲೆ ಕೂತು ನೀರು ಹಾಕುತ್ತಿದ್ದೆ. ಸೂಜಿಯಂತಹ ಏನೋ ಒಂದು ಕೆಸರಿನಿಂದ ಎದ್ದಿತ್ತು. ಹಕ್ಕಿಯ ಪುಕ್ಕದ ಕಡ್ಡಿ ಇರಬೇಕೆಂದು ಮುಟ್ಟಿದೆ. ತಣ್ಣಗೆ, ಹಸಿರಾಗಿ, ಗಟ್ಟಿಯಾಗಿ ನಿಂತಿತ್ತು. ಪಕ್ಕದಲ್ಲಿ ಇನ್ನೊಂದು. ನಾನು ಕೂಗಲಿಲ್ಲ. ದಡಕ್ಕೆ ಹೋಗಿ ಅಕ್ಕನ ತೋಳು ಹಿಡಿದು ಕರೆತಂದು, ಹಲಗೆಯ ಮೇಲೆ ಕೂರಿಸಿ, ಅವಳ ಬೆರಳನ್ನು ಅದರ ಮೇಲೆ ಇಟ್ಟೆ. ಅವಳು ಹೆಬ್ಬೆರಳು ಊರಿ ಅಳೆಯಲು ಹೋದಳು. ಗೇಣು ಎಲ್ಲಿ ಬಂತು, ಅದು ಬೆರಳಿನ ಒಂದು ಗೆಣ್ಣಿನಷ್ಟೂ ಇರಲಿಲ್ಲ. "ಬೆಳೀತಾಳೆ, ಬೆಳೀತಾಳೆ" ಎಂದಳು, ಹುಟ್ಟಿದ ಮಗುವಿನ ಬಗ್ಗೆ ಹೇಳುವಂತೆ.

ಎಣಿಸುವವರು ಬಂದ ದಿನ ಹಗ್ಗದ ಚೌಕಗಳನ್ನು ಹಾಕಿ ಒಂದೊಂದರಲ್ಲೂ ಎಣಿಸಿದರು. ಅಕ್ಕ ನೋಡಲು ಬರಲಿಲ್ಲ. ಶೆಡ್ಡಿನ ಹಿಂದೆ ಗೋಡೆಗೆ ಮುಖ ಮಾಡಿ ಕೂತಿದ್ದಳು. ಇಂಜಿನಿಯರಮ್ಮ ಬೂಟಿನಲ್ಲೇ ಓಡಿ ಬಂದು "ಅರವತ್ನಾಲ್ಕು ಅಮ್ಮ!" ಎಂದಾಗ, "ಆ ಮೂವತ್ತಾರು ನನ್ನ ಲೆಕ್ಕಕ್ಕೆ" ಎಂದಳು. ಆದರೂ ಎದ್ದು ನಿಂತು ಆ ಹುಡುಗಿಯ ತಲೆಯನ್ನು ಎದೆಗೆ ಒತ್ತಿಕೊಂಡಳು.

ಅಲ್ಲಿಂದ ಮುಂದೆ ನೀರು ಬಿಟ್ಟದ್ದು ಬೆರಳಳತೆಯಲ್ಲಿ. ಚಿಗುರು ಏರಿದಷ್ಟೇ ನೀರು ಏರಬೇಕು. ಕಂಡಿಗೆ ಒಂದೊಂದೇ ತೆಳು ಹಲಗೆ ಸೇರಿಸುವಾಗ ಅಕ್ಕ ಗಂಟು ಹಾಕಿದ ಕೋಲು ಹಿಡಿದು ಕೂರುತ್ತಿದ್ದಳು. ಇಂಜಿನಿಯರಮ್ಮ ಆ ಕೋಲಿನ ಗಂಟುಗಳನ್ನು ತನ್ನ ಕಾಗದದಲ್ಲಿ ಬರೆದುಕೊಂಡಳು.

ಐದು ವರ್ಷ ಕೊಯ್ಯಬಾರದೆಂಬ ನಿಯಮ. ನಾವು ಕಾದೆವು. ಜೊಂಡು ಆಳೆತ್ತರವಾಯಿತು. ಮೂರನೆಯ ವರ್ಷ ಒಂದು ಸಂಜೆ ನಾನೂ ಅಕ್ಕನೂ ಅಂಗಳದಲ್ಲಿ ಬಟ್ಟೆ ತೆಗೆಯುತ್ತಿದ್ದೆವು, ರಸ್ತೆಯಾಚೆಯಿಂದ ಒಂದು ಕಪ್ಪೆ ಕೂಗಿತು. ಒಂದೇ ಒಂದು. ಇಬ್ಬರೂ ಇದ್ದಲ್ಲೇ ನಿಂತುಬಿಟ್ಟೆವು.

ಕೊಯ್ಲಿಗೆ ಅಪ್ಪಣೆ ಬಂದ ವರ್ಷ ಅಕ್ಕನ ಮಂಡಿ ಪೂರ್ತಿ ಕೈಕೊಟ್ಟಿತ್ತು. ಕುರ್ಚಿ ಹೊತ್ತುಕೊಂಡು ಹೋಗಿ ದಡದಲ್ಲಿ ಕೂರಿಸಿದೆವು. ನೀರಿಗಿಳಿದವರಲ್ಲಿ ವಯಸ್ಸಾದವಳು ನಾನೇ. ಕೈ ನೀರಿಗೆ ತಾಗಿದಲ್ಲಿಂದ ಗೇಣು ಅಳೆದು ಕುಡುಗೋಲು ಎಳೆದೆ. ಹಿಂದಿನಿಂದ ಕೂಗು ಬಂತು, ದನಿ ನಡುಗುತ್ತಿತ್ತು, ಆದರೆ ಅದೇ ಕೂಗು. ಮೊದಲ ಕಂತೆ ಒಣಗಿದಾಗ ಅವಳು ಒಂದು ಎಲೆ ತೆಗೆದು ಮಂಡಿಯ ಮೇಲೆ ಬಗ್ಗಿಸಿದಳು. ಸುತ್ತಿದಳು. ಬಿಚ್ಚಿದಳು. ನನ್ನ ಕಿವಿಗೂ ಹಿಡಿದಳು. ಕಾಗದದ ಸದ್ದು.

ಹೊಸ ಜೌಗಿನ ನಡುವೆ ಒಂದು ಕಡೆ, ಕೊಳೆತ ಬೇರುಗಳು ಹೆಚ್ಚಾಗಿದ್ದಲ್ಲಿ, ದೊಡ್ಡ ಬೋಳು ಉಳಿಯಿತು. ಮೇಲಿನವರು ಅಲ್ಲಿ ಮತ್ತೆ ನೆಡಿ ಎಂದಿದ್ದರು. ಅಷ್ಟರಲ್ಲಿ ಬಾತುಗಳು ಬಂದು ಆ ತೆರೆದ ನೀರಿನ ಅಂಚಿಗೆ ಗೂಡು ಕಟ್ಟಿದ್ದವು. ಇಂಜಿನಿಯರಮ್ಮ ಹಾಗೆಯೇ ಇರಲಿ ಎಂದು ಬರೆದು ಕಳಿಸಿದಳು.

ಆ ಮೊದಲ ಕೊಯ್ಲಿನ ದಿನ ಕೆಲಸ ಮುಗಿಸಿ ನಾನು ಕಂತೆ ಹೊತ್ತು ದಡಕ್ಕೆ ಬಂದಾಗ ಅಕ್ಕ ಕುರ್ಚಿಯಲ್ಲಿ ಕೂತು ಆ ಬೋಳನ್ನೇ ನೋಡುತ್ತಿದ್ದಳು.

"ಏನಕ್ಕ ನೋಡ್ತಿದ್ದೀಯ?"

"ನನ್ನ ಅಂಗಳ ಕಣೇ" ಎಂದಳು. "ನಿಂದು ಮಂಚದಷ್ಟಿತ್ತು. ನಂದು ನೋಡು, ಮನೆಯಷ್ಟಿದೆ."

ಮೂವತ್ತು ವರ್ಷ ನನ್ನನ್ನು ನೋಡಿ ನಕ್ಕವಳು ಅವತ್ತು ತನ್ನನ್ನೇ ನೋಡಿ ನಕ್ಕಳು. ಬಾತುಗಳು ಹೆದರಿ ಎದ್ದು ಒಂದು ಸುತ್ತು ಹಾರಿ ಮತ್ತೆ ಅಲ್ಲೇ ಇಳಿದವು.

ಅವಳು ಹೋಗಿ ಈಗ ಎರಡು ಕೊಯ್ಲು ಕಳೆದಿವೆ. ಹೊಸಬರಿಗೆ ದಾರಿ ಹೇಳುವಾಗ ನಾನು "ಗೇಣಕ್ಕನ ಅಂಗಳದಿಂದ ಎಡಕ್ಕೆ ಹೋಗು" ಎನ್ನುತ್ತೇನೆ. ಯಾರ ಅಂಗಳ, ನೀರಲ್ಲಿ ಎಂಥ ಅಂಗಳ ಎಂದು ಅವರು ಕೇಳುತ್ತಾರೆ. ಒಂದು ದಂಟು ಮುರಿದು ಕೈಗೆ ಕೊಟ್ಟು, ಮೊದಲು ಊದಲು ಹೇಳುತ್ತೇನೆ.